ವುಡ್‌ವರ್ಡ್ ರಸ್ತೆಯ ತೆರೆದ ಬಾನೆಟ್ಟುಗಳು

ಡೆಟ್ರಾಯಿಟ್ ನಗರದ ಉತ್ತರಕ್ಕೆ, ವುಡ್‌ವರ್ಡ್ ರಸ್ತೆಯ ಎರಡೂ ಬದಿಗೆ ಜನ ಮನೆಯಿಂದ ಕುರ್ಚಿ ತಂದು ಹಾಕಿಕೊಂಡು ಕೂತಿದ್ದರು. ಅಜ್ಜಂದಿರು, ಮೊಮ್ಮಕ್ಕಳು, ತೊಟ್ಟಿಲಲ್ಲಿರಬೇಕಾದ ಕೂಸುಗಳು ಸಹ. ಮುಂದೆ ಹಳೆಯ ಅಮೆರಿಕನ್ ಕಾರುಗಳು ಒಂದರ ಹಿಂದೊಂದು ನಿಧಾನಕ್ಕೆ ಸಾಗುತ್ತಿದ್ದವು. ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ತಾಗುತ್ತಿತ್ತು. ಪ್ರತಿ ವರ್ಷ ಆಗಸ್ಟಿನ ಮೂರನೆಯ ಶನಿವಾರ ಫರ್ನ್‌ಡೇಲಿನಿಂದ ಪಾಂಟಿಯಾಕ್ ಊರಿನವರೆಗೆ ಸುಮಾರು 16 ಮೈಲಿ ಉದ್ದಕ್ಕೂ ನಡೆಯುವ ಈ ಜಾತ್ರೆಯ ಹೆಸರು ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಲ್ಲಿ ಒಂದು ಆಟದ ಮೈದಾನಕ್ಕೆ ಹಣ ಕೂಡಿಸಲೆಂದು ಶುರುವಾದದ್ದು.

ನಮ್ಮೂರು ತಿಳವಳ್ಳಿಯಲ್ಲಿ ನೀರೆತ್ತುವ ಪಂಪು, ಟಿಲ್ಲರು, ಟ್ರ್ಯಾಕ್ಟರುಗಳ ಇಂಜಿನ್ ಬಿಚ್ಚಿ ಕೂಡಿಸುತ್ತ ತಲೆ ಬೆಳ್ಳಗಾದವನು ನಾನು. ನನ್ನ ಕೈಗೆ ಬಂದವು ಒಂದು ಸಿಲಿಂಡರಿನವು, ಎರಡರವು, ಹೆಚ್ಚೆಂದರೆ ನಾಲ್ಕರವು. ಇಲ್ಲಿ ಎಲ್ಲಿ ನೋಡಿದರೂ ಎಂಟು. ತಮ್ಮನ ಮಗಳು ಹತ್ತಿರದ ಟ್ರಾಯ್‌ನಲ್ಲಿ ನೌಕರಿ ಮಾಡುತ್ತಾಳೆ, ಕರೆತಂದವಳು ಅವಳೇ. “ದೊಡ್ಡಪ್ಪಾ, ಇಲ್ಲಿ ಯಾರೂ ಬಾನೆಟ್ ಮುಚ್ಚಂಗಿಲ್ಲ. ನೀವು ಕೇಳಿದ್ರ ಸಾಕು, ಎಲ್ಲಾ ಬಿಚ್ಚಿ ತೋರಸ್ತಾರ ನೋಡ್ರಿ” ಅಂದಳು. ಹಾಗೆಯೇ ಆಯಿತು.

ನಾವು ನಿಂತ ರಸ್ತೆಯದೇ ಒಂದು ಮೈಲಿಗೆ 1909ರಲ್ಲಿ ಕಾಂಕ್ರೀಟ್ ಹಾಕಿದ್ದರು; ಅಮೆರಿಕದ ಮೊದಲ ಕಾಂಕ್ರೀಟ್ ಹೆದ್ದಾರಿ ಅದು. ಇದೇ ರಸ್ತೆಯ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ 1913ರಲ್ಲಿ ಫೋರ್ಡ್ ಕಂಪನಿ ಕಾರುಗಳನ್ನು ಚಲಿಸುವ ಸಾಲಿನ ಮೇಲೆ ಜೋಡಿಸಲು ತೊಡಗಿತು.

ಮೊದಲು ಕಣ್ಣಿಗೆ ಬಿದ್ದದ್ದು ಫೋರ್ಡಿನ ಹಳೆಯ ವಿ8. 1932ರಲ್ಲಿ ಬಂದಾಗ 221 ಘನ ಇಂಚು, 65 ಹಾರ್ಸ್ ಪವರ್. ವಾಲ್ವುಗಳೆಲ್ಲ ಬ್ಲಾಕಿನಲ್ಲೇ ಇರುವುದರಿಂದ ಹೆಡ್ ಎಂಬುದು ಬರೀ ಚಪ್ಪಟೆ ಮುಚ್ಚಳ. ಅದರ ಬೋಲ್ಟು ಎಣಿಸಿದರೆ ಕಾಲ ತಿಳಿಯುತ್ತದೆ: ಮೊದಲಿನವಕ್ಕೆ 21, ಆಮೇಲಿನವಕ್ಕೆ 24. ಪಕ್ಕದಲ್ಲೇ ಕ್ರೈಸ್ಲರಿನ ಹೆಮಿ. ಗುರುತು ಹಿಡಿಯಲು ಅರೆಕ್ಷಣ ಸಾಕು. ಪ್ಲಗ್ಗಿನ ವೈರುಗಳು ವಾಲ್ವ್ ಕವರಿನ ನಟ್ಟನಡುವೆ ಇಳಿಯುತ್ತವೆ. ಒಳಗೆ ಅರ್ಧಗೋಳದ ದಹನ ಕೋಣೆ, ಅದರ ನೆತ್ತಿಯಲ್ಲಿ ಪ್ಲಗ್ಗು, ಎರಡು ಬದಿಗೆ ಎರಡು ದೊಡ್ಡ ವಾಲ್ವು. 1964ರ ಡೇಟೋನಾ 500 ರೇಸಿನಲ್ಲಿ ಮೊದಲ ಮೂರೂ ಸ್ಥಾನ ಈ ಜಾತಿಯ 426 ಘನ ಇಂಚಿನ ಇಂಜಿನ್ ಇದ್ದ ಕಾರುಗಳಿಗೇ ಹೋದವು.

ಆದರೆ ನನ್ನನ್ನು ನಿಲ್ಲಿಸಿಬಿಟ್ಟದ್ದು ಷೆವ್ರೊಲೆ. 1955ರಲ್ಲಿ 265 ಘನ ಇಂಚಿನದಾಗಿ ಹುಟ್ಟಿದ ಅದರ ಸಣ್ಣ ವಿ8 ಮುಂದೆ 283 ಆಯಿತು, 327 ಆಯಿತು, 350 ಆಯಿತು. ಹೊರಗಿನ ಮೈ ಮಾತ್ರ ಹೆಚ್ಚುಕಡಿಮೆ ಅದೇ, ಅದೇ ಕಿತ್ತಳೆ ಬಣ್ಣ. ಬದಲಾದದ್ದು ಒಳಗಿನ ಬೋರು, ಅಂದರೆ ಸಿಲಿಂಡರಿನ ಅಗಲ, ಮತ್ತು ಸ್ಟ್ರೋಕು, ಅಂದರೆ ಪಿಸ್ಟನ್ ಓಡಾಡುವ ಉದ್ದ. ಮತ್ತೆ ಯಾವುದು ಯಾವುದೆಂದು ತಿಳಿಯುವುದು ಹೇಗೆ? ಒಬ್ಬ ಹಿರಿಯರು ಟಾರ್ಚ್ ಕೈಗಿಟ್ಟು, ಎಡ ಹೆಡ್ಡಿನ ಹಿಂದೆ, ಗೇರ್‌ಬಾಕ್ಸಿನ ಹೌಸಿಂಗ್ ಕೂಡುವ ಅಂಚಿಗೆ ಬಗ್ಗಿ ನೋಡಲು ಹೇಳಿದರು. ಎರಕದಲ್ಲೇ ಎದ್ದ ಅಂಕಿಗಳಿದ್ದವು. ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ಶಾಸನದ ಮೇಲೆ ಬೆಳಕು ಓರೆಯಾಗಿ ಬಿದ್ದಾಗ ಅಕ್ಷರ ಏಳುವಂತೆ ಅವು ಎದ್ದವು. ಅದೇ ಅಂಚಿನಲ್ಲಿ ಎರಕದ ದಿನ: ತಿಂಗಳಿಗೊಂದು ಅಕ್ಷರ, ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್, ನಂತರ ತಾರೀಖು, ಕೊನೆಗೆ ಇಸವಿಯ ಕೊನೆಯ ಅಂಕಿ. ಕಾರು ತಯಾರಾದ ದಿನಕ್ಕಿಂತ ಬ್ಲಾಕು ಎರಕವಾದ ದಿನ ಈಚಿನದಾಗಿದ್ದರೆ, ಆ ಇಂಜಿನ್ ಆ ಕಾರಿನ ಜೊತೆ ಹುಟ್ಟಿದ್ದಲ್ಲ.

ಮುಂಭಾಗದಲ್ಲಿ, ಬಲ ಹೆಡ್ಡಿನ ಬುಡಕ್ಕೆ, ಇನ್ನೊಂದು ಸಮತಟ್ಟು ಜಾಗವಿದೆ. ಅಲ್ಲಿರುವುದು ಎರಕವಲ್ಲ, ಒತ್ತಿದ ಮುದ್ರೆ: ಕಾರ್ಖಾನೆ, ಜೋಡಿಸಿದ ದಿನ, ಯಾವ ಕಾರಿಗೆ ಎಷ್ಟು ಶಕ್ತಿಯ ಇಂಜಿನ್ ಎಂಬ ಸಂಕೇತ. ಬ್ಲಾಕಿಗೆ ಸರ್ಫೇಸ್ ಹೊಡೆಸಿದರೆ ಈ ಮುದ್ರೆ ಅಳಿಸಿಹೋಗುತ್ತದೆ, ಆಮೇಲೆ ಯಾರು ಬೇಕಾದರೂ ಸುಳ್ಳು ಮುದ್ರೆ ಒತ್ತಬಹುದು. ಅದಕ್ಕೇ ಬಲ್ಲವರು ಅಂಕಿ ನೋಡುವ ಮೊದಲು ಅಂಕಿಯ ಕೆಳಗಿನ ಲೋಹ ನೋಡುತ್ತಾರೆ. ಕಾರ್ಖಾನೆಯ ಯಂತ್ರ ಎಳೆದ ಸಣ್ಣ ಗೀರುಗಳು ಅಲ್ಲಿ ಇರಲೇಬೇಕು. ಇಷ್ಟು ಸೂಕ್ಷ್ಮ ನೋಟ ಬೀದಿಯಲ್ಲಿ ಕುರ್ಚಿ ಹಾಕಿಕೊಂಡ ಸಾಮಾನ್ಯ ಜನರಿಗೆ ಇದೆಯಲ್ಲ ಎಂದು ನನಗೆ ನಿಜಕ್ಕೂ ಕೈಮುಗಿಯಬೇಕೆನಿಸಿತು.

ರಾಯಲ್ ಓಕ್ ಊರಿಗೆ ಬಂದಾಗ ಪಾಂಟಿಯಾಕ್ ಕಂಪನಿಯ ಜಿಟಿಒ ಕಾರುಗಳ ಗುಂಪೇ ಇತ್ತು. ಈ ಊರಿನ ರಾಯಲ್ ಪಾಂಟಿಯಾಕ್ ಎಂಬ ಮಾರಾಟಗಾರರು ಅರವತ್ತರ ದಶಕದಲ್ಲಿ ಹೊಸ ಕಾರಿನ ಇಂಜಿನ್ನನ್ನೇ ಹದಮಾಡಿ ಕೊಡುತ್ತಿದ್ದರು, ಬಾಬ್‌ಕ್ಯಾಟ್ ಎಂಬ ಹೆಸರಿನಲ್ಲಿ. ಹೆಡ್ ಗ್ಯಾಸ್ಕೆಟ್ ತೆಳುವಾದದ್ದು ಹಾಕಿ ಕಂಪ್ರೆಷನ್ ಏರಿಸುವುದು, ಕಾರ್ಬೊರೇಟರಿನ ಜೆಟ್ ಬದಲಿಸುವುದು, ಡಿಸ್ಟ್ರಿಬ್ಯೂಟರಿನ ಟೈಮಿಂಗ್ ತಿದ್ದುವುದು. ಯಾವುದೂ ದೊಡ್ಡ ಕೆಲಸವಲ್ಲ, ಎಲ್ಲ ಕೂಡಿ ಕಾರಿನ ಸ್ವಭಾವವೇ ಬೇರೆಯಾಗುತ್ತಿತ್ತು. ಪಾಂಟಿಯಾಕಿನ 389 ಮತ್ತು 421 ಘನ ಇಂಚಿನ ಇಂಜಿನ್ನುಗಳು ಹೊರಗಿನಿಂದ ನೋಡಲು ಒಂದೇ. 1964ರಲ್ಲಿ ಪತ್ರಿಕೆಯೊಂದಕ್ಕೆ ಪರೀಕ್ಷೆಗೆ ಕೊಟ್ಟ ಕೆಂಪು ಜಿಟಿಒದಲ್ಲಿ ಇದ್ದದ್ದು 389 ಅಲ್ಲ, 421 ಎಂದು ಆ ಪರೀಕ್ಷೆಯನ್ನು ಏರ್ಪಡಿಸಿದ್ದ ಜಿಮ್ ವ್ಯಾಂಗರ್ಸ್ ದಶಕಗಳ ನಂತರ ತಾವೇ ಬರೆದರು. ಬ್ಲಾಕಿನ ಮುಂಭಾಗದ ಸಂಕೇತವನ್ನು ಅಂದು ಯಾರಾದರೂ ಬಗ್ಗಿ ಓದಬೇಕಿತ್ತು.

ನಮ್ಮ ದೇಶದಲ್ಲೂ ಈ ಕಾರುಗಳ ಇಂಜಿನ್ ಬದಲಾದವು, ದಿಕ್ಕು ಬೇರೆ. ಜನರಲ್ ಮೋಟಾರ್ಸ್ 1928ರಿಂದ ಮುಂಬಯಿಯ ಶಿವಡಿಯಲ್ಲಿ ಷೆವ್ರೊಲೆ ಜೋಡಿಸುತ್ತಿತ್ತು. ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಡಾಡ್ಜ್, ಪ್ಲಿಮತ್ ಜೋಡಿಸಿತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದಾದಾಗ ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡಿದವು. ಆಮೇಲೆ ಎಷ್ಟೋ ಅಮೆರಿಕನ್ ಕಾರುಗಳ ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಕೂರಿಸಿದರು. ಇಲ್ಲಿ ಓಟಕ್ಕೆ, ಅಲ್ಲಿ ಹೊಟ್ಟೆಪಾಡಿಗೆ. ಎರಡೂ ಕಡೆ ಲೇತಿನ ಮುಂದೆ ನಿಂತವರ ಜಾಣ್ಮೆ ನನಗೆ ಒಂದೇ ತೂಕದ್ದು.

ಸಂಜೆ ಹೊತ್ತಿಗೆ ಒಂದು 1969ರ ಕಮಾರೊ. ನಾನೇ ಬಗ್ಗಿ ಓದಿದೆ: 3970010. ಅಂದರೆ ಬಹುಮಟ್ಟಿಗೆ 350ರ ಬ್ಲಾಕು. ಮಾಲೀಕರು ತಲೆ ಅಲ್ಲಾಡಿಸಿ ಫ್ಯಾನಿನ ಕೆಳಗೆ ನೋಡಲು ಸನ್ನೆ ಮಾಡಿದರು. ಕ್ರ್ಯಾಂಕಿನ ಮುಂದಿನ ಡ್ಯಾಂಪರ್ ಸುತ್ತಲೂ ಸಮನಾಗಿರಲಿಲ್ಲ, ಒಳಬದಿಯಲ್ಲಿ ಒಂದು ಪಾಲು ಖಾಲಿ. ತೂಕವನ್ನು ಹೊರಗೆ ಕೊಟ್ಟು ಸರಿದೂಗಿಸುವುದು 400 ಘನ ಇಂಚಿನ ಇಂಜಿನ್ನಿನ ಕ್ರ್ಯಾಂಕಿಗೆ. ಅದನ್ನು ತಂದು ಇದರಲ್ಲಿ ಕೂರಿಸಿದ್ದರು. ಬೋರು ನಾಲ್ಕು ಇಂಚಿನ ಮೇಲೆ ಮೂವತ್ತು ಥೌ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು), ಸ್ಟ್ರೋಕು ಮೂರು ಮುಕ್ಕಾಲು ಇಂಚು. ತಮ್ಮನ ಮಗಳು ಫೋನಿನಲ್ಲಿ ಎಂಟು ಸಿಲಿಂಡರಿಗೆ ಲೆಕ್ಕ ಹಾಕಿದಳು: 382.7. ಇವರೆಲ್ಲ 383 ಅನ್ನುವುದು ಅದಕ್ಕೇ.

“400ರ ಕ್ರ್ಯಾಂಕಿನ ಮೇನ್ ಜರ್ನಲ್ ದಪ್ಪ ಇರಬೇಕಲ್ಲ, ಈ ಬ್ಲಾಕಿನ್ಯಾಗ ಹೆಂಗ ಕೂತ್ತು? ಕೇಳವ್ವಾ” ಅಂದೆ. ಅವಳು ಕೇಳಿ ಹೇಳಿದಳು: 2.65 ಇಂಚು ಇದ್ದದ್ದನ್ನು 2.45ಕ್ಕೆ ತರಿಸಿದ್ದಾರೆ. ಊರಿನಲ್ಲಿ ನಾವು ಕ್ರ್ಯಾಂಕ್ ಗ್ರೈಂಡ್ ಮಾಡಿಸುವುದು ಹತ್ತು ಥೌ, ಇಪ್ಪತ್ತು ಥೌ. ಇದು ಇನ್ನೂರು ಥೌ! ಐದೂ ಜರ್ನಲ್, ಎಲ್ಲೂ ಓರೆಯಾಗದಂತೆ. ಯಾವ ಲೇತಿನಲ್ಲಿ, ಯಾರ ಕೈಯಲ್ಲಿ ಎಂದು ಕೇಳಿದೆ. ಮಾಲೀಕರು ತಮ್ಮೆರಡೂ ಕೈ ಎತ್ತಿ ತೋರಿಸಿ, ಚಾವಿ ತಿರುಗಿಸಿದರು.