ಜ್ವರ ಎಷ್ಟನೇ ದಿನ?

ನಮ್ಮೂರು ಗೋವಿನಕೋವಿ. ನಾನು ಲ್ಯಾಬ್ ಕೆಲಸಕ್ಕೆ ಸೇರಿದಾಗ ಹೊನ್ನಾಳಿ ತಾಲ್ಲೂಕು ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಆಗ ಲ್ಯಾಬ್ ಅಂದರೆ ಒಂದು ಮೈಕ್ರೋಸ್ಕೋಪು, ಸ್ಲೈಡಿಗೆ ಹಚ್ಚುವ ಬಣ್ಣ, ಇ.ಎಸ್.ಆರ್. ಸ್ಟ್ಯಾಂಡು. ನಾಲ್ಕು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಬೆರೆಸಿ, ಬಾಯಿಂದಲೇ ನಳಿಗೆಗೆಳೆದು ನಿಲ್ಲಿಸಿ ಒಂದು ಗಂಟೆ ಕಾಯುತ್ತಿದ್ದೆವು. ಕೆಂಪುಕಣ ಎಷ್ಟು ಮಿಲಿಮೀಟರ್ ಇಳಿಯಿತೋ ಅದೇ ಇ.ಎಸ್.ಆರ್.; ಅಷ್ಟು ಬರೆದು ಕೊಟ್ಟರೆ ಮುಗಿಯಿತು. ಹೆಚ್ಚಿದ್ದರೆ ಎಲ್ಲೋ ಉರಿಯೂತ ಇದೆ ಎಂದರ್ಥ. ಜ್ವರ ಬಂದು ಎಷ್ಟು ದಿನವಾಯಿತೆಂದು ನಾವು ಕೇಳುತ್ತಿರಲಿಲ್ಲ.

ಒಮ್ಮೆ ಮಗುವೊಂದರ ಇ.ಎಸ್.ಆರ್. ಹಿಂದಿನ ದಿನದ ಅರ್ಧಕ್ಕೂ ಕೆಳಗೆ ಬಂತು. “ಕಮ್ಮಿ ಆಗೈತೇನಣ್ಣ?” ಎಂದಳು ತಾಯಿ. ಹೂಂ ಎಂದೆ. ವರದಿ ನೋಡಿದ ಡಾಕ್ಟರ ಮುಖ ಮಾತ್ರ ಬಿಗಿಯಿತು: “ಜ್ವರ ಇಳಿದಿಲ್ಲವಲ್ಲ!” ಕೆಂಪುಕಣಗಳನ್ನು ಒಂದಕ್ಕೊಂದು ಅಂಟಿಸಿ ಬೇಗ ಇಳಿಸುವುದು ಫೈಬ್ರಿನೋಜನ್ ಎಂಬ ಪ್ರೋಟೀನ್. ಉರಿಯೂತ ಹದ್ದು ಮೀರಿದಾಗ ಅದೇ ಕರಗಿಹೋಗುತ್ತದೆ, ಇ.ಎಸ್.ಆರ್. ತಗ್ಗುತ್ತದೆ, ಕಬ್ಬಿಣ ಕೂಡಿಡುವ ಪ್ರೋಟೀನ್ ಫೆರಿಟಿನ್ ಏರುತ್ತದೆ. ಮಗುವನ್ನು ಅಂದೇ ದೊಡ್ಡಾಸ್ಪತ್ರೆಗೆ ಕಳಿಸಿದರು.

ಪ್ಲೇಟ್‌ಲೆಟ್ ಇಳಿದರೆ ಹೆದರಬೇಕೆಂದು ನಮಗೆ ಕಲಿಸಿದ್ದು ಡೆಂಗಿ. ಆದರೆ ಜಪಾನಿನ ತೊಮಿಸಾಕು ಕವಾಸಾಕಿ 1967ರಲ್ಲಿ ವಿವರಿಸಿದ ಮಕ್ಕಳ ಜ್ವರದ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಎರಡನೇ ವಾರದಿಂದ ಏರುತ್ತದೆ. ಹೃದಯದ ರಕ್ತನಾಳ ಉಬ್ಬಬಹುದು. ಮೊದಲ ವಾರದ ವರದಿ ನೋಡಿ ಸುಮ್ಮನಾದರೆ ಮೋಸ ಹೋದಂತೆ.

2021ರಲ್ಲಿ ಎಂಐಎಸ್-ಸಿ ಎಂಬ ಹೆಸರು ನಮ್ಮ ಕಡೆಯೂ ಓಡಾಡಿತು. ಕೋವಿಡ್ ತಗುಲಿದ ಎರಡರಿಂದ ಆರು ವಾರಕ್ಕೆ ಮಕ್ಕಳಿಗೆ ಮತ್ತೆ ಜ್ವರ, ಹೊಟ್ಟೆನೋವು, ಕೆಂಗಣ್ಣು. ಗಂಟಲ ದ್ರವದಲ್ಲಿ ವೈರಾಣು ಸಿಗದಿದ್ದರೂ ರಕ್ತದಲ್ಲಿ ಪ್ರತಿಕಾಯ ಸಿಗುತ್ತಿತ್ತು. ನೋಡಲು ಕವಾಸಾಕಿಯಂತೆಯೇ, ಆದರೆ ಇಲ್ಲಿ ಪ್ಲೇಟ್‌ಲೆಟ್, ಲಿಂಫೋಸೈಟ್ ಎಂಬ ಬಿಳಿಕಣ ಇಳಿಮುಖ; ಫೆರಿಟಿನ್, ರಕ್ತ ಹೆಪ್ಪುಗಟ್ಟುವಿಕೆಯ ಸುಳಿವು ಕೊಡುವ ಡಿ-ಡೈಮರ್, ಹೃದಯದ ದಣಿವು ತೋರಿಸುವ ಬಿಎನ್‌ಪಿ ಏರುಮುಖ. ಅದೇ ವರ್ಷ ಜೂನ್‌ನಲ್ಲಿ ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಸಂಸ್ಥೆಯಲ್ಲಿ ಕೋವಿಡ್ ನಂತರ ಬಾಲಕನೊಬ್ಬನ ಮಿದುಳಿಗೆ ತೀವ್ರ ಹಾನಿಯಾದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ, ಊರಲ್ಲಿ ಮಕ್ಕಳ ಮೈ ಬಿಸಿಯಾದರೆ ಸಾಕು, ಲ್ಯಾಬಿಗೆ ಓಡಿ ಬರುತ್ತಿದ್ದರು.

ಈಗ ಯಂತ್ರವೇ ಕಣಗಳನ್ನು ಎಣಿಸುತ್ತದೆ, ಉರಿಯೂತ ತೋರಿಸುವ ಸಿಆರ್‌ಪಿ ನಿಮಿಷಗಳಲ್ಲಿ ಸಿಗುತ್ತದೆ. ರಕ್ತದಲ್ಲಿ ತೇಲುವ ಆರ್‌ಎನ್‌ಎ ಚೂರುಗಳಿಂದಲೇ ಕವಾಸಾಕಿ, ಎಂಐಎಸ್-ಸಿಯಂಥ ಕಾಯಿಲೆಗಳನ್ನು ಬೇರ್ಪಡಿಸಲು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಹೊರಟಿದ್ದಾರೆ. ನಾನು ನಿವೃತ್ತ. ಆದರೂ ಊರವರು ವರದಿ ಹಿಡಿದು ಬಂದರೆ, ಕನ್ನಡಕ ಹಾಕಿಕೊಳ್ಳುವ ಮೊದಲೇ ಕೇಳುತ್ತೇನೆ: “ಜ್ವರ ಎಷ್ಟನೇ ದಿನ ತಾಯಿ?”