ಲವಕುಶರ ಬೆಟ್ಟದ ದಾರಿ

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ಸಂಚರಿಸುವವರು ದೇವರಾಯಸಮುದ್ರವೆಂಬ ಊರನ್ನು ಹೆಸರಿನಿಂದ ಬಲ್ಲರೇ ಹೊರತು ಅಲ್ಲಿ ಇಳಿದು ನೋಡುವವರು ವಿರಳ. ತಿರುಪತಿಯ ಯಾತ್ರಿಕರಿಗೆ ಅದು ದಾರಿಯ ಒಂದು ಊರು, ಅಷ್ಟೆ. ಹೆಸರಿನಲ್ಲಿ ಸಮುದ್ರವುಂಟು, ಆದರೆ ವರ್ಷವೆಲ್ಲ ಹರಿಯುವ ಒಂದು ಹೊಳೆಯೂ ಇಲ್ಲದ ಸೀಮೆಯಿದು. ಇಲ್ಲಿಯ ಜನರು ಕಟ್ಟೆ ಕಟ್ಟಿ ಮಳೆಯ ನೀರನ್ನು ನಿಲ್ಲಿಸಿ, ಆ ಕೆರೆಗೇ ಸಮುದ್ರವೆಂಬ ಬಿರುದನ್ನು ಕೊಟ್ಟರು. ನೀರಿನ ಬೆಲೆ ತಿಳಿದವರು ಇಟ್ಟ ಹೆಸರೆಂದು ಯಾರಿಗಾದರೂ ತೋರದಿರದು. 2018ರಿಂದೀಚೆಗೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿ ಮಾಡಿ ಈ ಜಿಲ್ಲೆಯ ಹಲವು ಕೆರೆಗಳಿಗೆ ಹರಿಸುತ್ತಿದ್ದಾರೆ. ಅದರ ಗುಣದೋಷಗಳ ವಿಚಾರವಾಗಿ ಇಲ್ಲಿಯ ರೈತರೊಡನೆ ಮಾತು ತೆಗೆದರೆ ಹೊತ್ತು ಮುಳುಗಿದರೂ ಮುಗಿಯದು. ಆದುದರಿಂದ ಅದನ್ನು ಬಿಟ್ಟು ಮುಂದೆ ಹೋಗುವೆವು.

ಈ ಸೀಮೆಗೂ ಅಣ್ಣತಮ್ಮಂದಿರಿಗೂ ಏನೋ ಒಂದು ನಂಟು. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ, ಮುಳಬಾಗಿಲ ರಾಜ್ಯವನ್ನು ಆಳಿದವರು ಲಕ್ಕಣ್ಣ, ಮಾದಣ್ಣರೆಂಬ ಸೋದರರು. ಅವರಲ್ಲಿ ಲಕ್ಕಣ್ಣ ದಂಡೇಶನು 'ಶಿವತತ್ತ್ವಚಿಂತಾಮಣಿ'ಯನ್ನು ಬರೆದ ಕವಿಯೂ ಹೌದು. ಇನ್ನು ಇದೇ ತಾಲ್ಲೂಕಿನ ಆವನಿಯಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನ ಈ ನಾಲ್ವರ ಹೆಸರಿನ ಲಿಂಗಗಳೂ ಒಂದೇ ಪ್ರಾಕಾರದೊಳಗೆ ಇವೆ. ಅವು ನೊಳಂಬರ ಕಾಲದ ಗುಡಿಗಳು. ಅಲ್ಲಿಯ ಮಠಾಧಿಪತಿಯಾಗಿದ್ದ ತ್ರಿಭುವನಕರ್ತನೆಂಬ ಯತಿಯು ನಲವತ್ತು ವರ್ಷ ಆವನಿಯನ್ನು ಪಾಲಿಸಿ, ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿ, 961ರಲ್ಲಿ ಕಾಲವಾದನೆಂದು ಶಾಸನದಿಂದ ತಿಳಿಯುವುದು.

ಆದರೆ ಜನರು ಬೆಟ್ಟ ಹತ್ತುವುದು ನೊಳಂಬರ ಸಲುವಾಗಿ ಅಲ್ಲ. ಇಲ್ಲಿಯೇ ವಾಲ್ಮೀಕಿಯ ಆಶ್ರಮವಿತ್ತು, ಗಂಡನಿಂದ ತ್ಯಜಿಸಲ್ಪಟ್ಟ ಸೀತೆಯು ಇಲ್ಲಿಯೇ ಅವಳಿ ಮಕ್ಕಳನ್ನು ಹೆತ್ತಳು, ತಂದೆಮಕ್ಕಳ ಕಾಳಗವೂ ಇಲ್ಲಿಯೇ ನಡೆಯಿತು ಎಂಬುದು ಸ್ಥಳಪುರಾಣ. ಬೆಟ್ಟದ ಮೇಲೆ ಸೀತಮ್ಮನ ಗುಡಿಯುಂಟು. ಮಕ್ಕಳಿಲ್ಲದ ಹೆಂಗಸರು ಹರಕೆ ಹೊತ್ತು ಬರುವುದು ಅವಳ ಬಳಿಗೆ. ರಾಮನಿಗೆ ಕೆಳಗೆ ಗುಡಿ, ಸೀತೆಗೆ ಮೇಲೆ ಗುಡಿ. ಈ ಏರ್ಪಾಡನ್ನು ಮಾಡಿದವರು ಯಾರೋ ನಾವರಿಯೆವು, ಆದರೆ ನಮ್ಮ ಮನಸ್ಸಿಗೆ ಅದು ನ್ಯಾಯವಾಗಿಯೇ ಕಂಡಿತು.

ನಮ್ಮ ಹಿರಿಯರ ಮನೆಗಳಲ್ಲಿ ಈ ಕಥೆ ಲಕ್ಷ್ಮೀಶನ ಜೈಮಿನಿಭಾರತದ ಮೂಲಕ ಬಂದಿತು. ಅನಂತರ ಬಂದುದು ಚಲಚ್ಚಿತ್ರ. ಸಿ. ಪುಲ್ಲಯ್ಯನವರು 1934ರಲ್ಲಿ ಒಮ್ಮೆ ತೆಲುಗಿನಲ್ಲಿ 'ಲವಕುಶ'ವನ್ನು ತೆಗೆದಿದ್ದರು. ಅವರೇ ಎರಡನೆಯ ಸಾರಿ ಬಣ್ಣದಲ್ಲಿ ಆರಂಭಿಸಿದ ಚಿತ್ರವು ಹಣದ ಮುಗ್ಗಟ್ಟಿನಿಂದ ನಡುವೆ ನಿಂತು, ಅವರ ಮಗ ಸಿ. ಎಸ್. ರಾವ್ ಅವರ ಕೈಯಲ್ಲಿ ಮುಗಿದು, 1963ರಲ್ಲಿ ತೆರೆಗೆ ಬಂದಿತು. ಬೆಳೆಯುವ ವಯಸ್ಸಿನ ಇಬ್ಬರು ಹುಡುಗರನ್ನಿಟ್ಟುಕೊಂಡು ವರ್ಷಗಟ್ಟಲೆ ಚಿತ್ರ ತೆಗೆಯುವ ಪಾಡನ್ನು ಓದುಗರೇ ಊಹಿಸಬಹುದು. ರಾಮನಾಗಿ ಎನ್. ಟಿ. ರಾಮರಾಯರು, ಸೀತೆಯಾಗಿ ಅಂಜಲೀದೇವಿ, ಸಂಗೀತ ಘಂಟಸಾಲರದು. ಮಕ್ಕಳ ಹಾಡುಗಳನ್ನು ಪಿ. ಸುಶೀಲ, ಪಿ. ಲೀಲ ಇವರು ಹಾಡಿದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ರೂಢಿಯುಳ್ಳ ಈ ಗಡಿನಾಡಿನಲ್ಲಿ ಆ ಚಿತ್ರವನ್ನು ನೋಡಲು ಹಳ್ಳಿಹಳ್ಳಿಗಳಿಂದ ಜನರು ಗಾಡಿ ಕಟ್ಟಿಕೊಂಡು ಬಂದರು.

ದೇವರಾಯಸಮುದ್ರದಲ್ಲಿ ನಮಗೆ ಒಂದು ಹೊತ್ತಿನ ಮುದ್ದೆ, ಹುರುಳಿಕಾಳಿನ ಸಾರು ಕೊಟ್ಟು ಆದರಿಸಿದ ವೃದ್ಧರೊಬ್ಬರು ಹಾಗೆ ಗಾಡಿಯಲ್ಲಿ ಹೋದವರಲ್ಲಿ ಒಬ್ಬರು. ಆಗ ಅವರಿಗೆ ಹದಿನಾಲ್ಕು, ತಮ್ಮನಿಗೆ ಹನ್ನೊಂದು. ತಾಯಿಯು ಇಬ್ಬರನ್ನೂ ಕಟ್ಟಿಕೊಂಡು ತವರಿನಲ್ಲಿದ್ದರು. ತಂದೆಯು ಹತ್ತು ಮೈಲಿ ಆಚೆ ಬೇರೊಂದು ಸಂಸಾರ ಹೂಡಿದ್ದರು. ಮನೆಯಲ್ಲಿ ಅವರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಡೇರೆಯ ಟಾಕೀಸಿನಲ್ಲಿ ಹೆಂಗಸರಿಗೆ ಒಂದು ಕಡೆ, ಗಂಡಸರಿಗೆ ಒಂದು ಕಡೆ. ಹುಡುಗರಿಗೆ ತೆರೆಯ ಮುಂದಿನ ಮರಳು. ರಾಮನ ಸಭೆಯಲ್ಲಿ ಮಕ್ಕಳು ರಾಮಾಯಣ ಹಾಡುವ ಸನ್ನಿವೇಶ ಬಂದಾಗ ತಮ್ಮನು ಎದ್ದು ನಿಂತು, "ಅಣ್ಣಯ್ಯಾ, ಅವರ ನಾಯನ ಎದುರಿಗೇ ಕೂತವ್ನೆ, ಅವರಿಗೇ ಗೊತ್ತಿಲ್ಲ!" ಎಂದು ಕೂಗಿದನಂತೆ. ಜನರು ನಕ್ಕರು. ಹೆಂಗಸರ ಕಡೆಯಲ್ಲಿ ತಾಯಿಯೂ ಅದನ್ನು ಕೇಳಿರಬೇಕು. ಹಿಂದಿರುಗುವಾಗ ಗಾಡಿಯಲ್ಲಿ ಆಕೆ ಮಾತಾಡಲಿಲ್ಲ.

ಸುಗ್ಗಿಯ ಕಾಲ. ನಾಲ್ಕಾರು ದಿನ ಕಳೆದು ಹಿರಿಯ ಹುಡುಗನು ಶಾಲೆಗೆಂದು ಹೊರಟು, ಶಾಲೆಗೆ ಹೋಗದೆ, ತಂದೆಯ ಊರಿನ ದಾರಿ ಹಿಡಿದನು. ತಂದೆಯು ಕಣದಲ್ಲಿ ರಾಗಿ ತೂರುತ್ತಿದ್ದರು. ಹುಡುಗನು ಬದಿಯಲ್ಲಿ ಬಹಳ ಹೊತ್ತು ನಿಂತನು. ಅವರು ಮೊರವನ್ನು ಕೆಳಗಿಟ್ಟು, "ಯಾರ ಮಗನಪ್ಪಾ ನೀನು?" ಎಂದು ಕೇಳಿದರು.

"ನಾನು ಏನು ಹೇಳಿದೆ ಅಂತೀರಿ, ಸ್ವಾಮಿ?" ಎಂದು ವೃದ್ಧರು ನಮ್ಮನ್ನು ಕೇಳಿದರು. "ಅಮ್ಮನ ಅಪ್ಪನ ಹೆಸರು ಹೇಳಿಬಿಟ್ಟೆ. ಆ ಮನುಷ್ಯ ತಲೆ ಬಗ್ಗಿಸಿಕೊಂಡ. ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದ. ಕುಡಿದೆ. ಬಿಸಿಲು ಬಹಳ ಇತ್ತು. ಕುಡಿದು ಬಂದೆ."

ಚಿತ್ರದಲ್ಲಿ ಬಾಣಗಳು ಹಾರಿದವು, ಗುರುತು ಹತ್ತಿತು, ಭೂಮಿ ಬಾಯಿಬಿಟ್ಟಿತು. ಇಲ್ಲಿ ಒಂದು ಚೊಂಬು ಮಜ್ಜಿಗೆಯಲ್ಲಿ ಎಲ್ಲವೂ ಮುಗಿಯಿತು. ಆ ಹುಡುಗನು ಅಂದಿನಿಂದ ಶಾಲೆಯಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಸೋದರಮಾವನ ಜೊತೆ ಹೊಲಕ್ಕೆ ಇಳಿದು ತಮ್ಮನನ್ನು ಓದಿಸಿದನು. ತಮ್ಮನು ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕೆ ಸೇರಿ, 2001ರಲ್ಲಿ ಗಣಿ ಮುಚ್ಚುವವರೆಗೂ ಅಲ್ಲಿದ್ದನು. ಕಣದ ಸಂಗತಿಯನ್ನು ಅಣ್ಣನು ತಾಯಿಗೆ ಹೇಳಲೇ ಇಲ್ಲ. ತಮ್ಮನಿಗೆ ಹೇಳಿದುದು ತಾಯಿಯ ವೈಕುಂಠ ಸಮಾರಾಧನೆಯ ದಿನ. ಆ ಹೊತ್ತಿಗೆ ತಂದೆಯೂ ಹೋಗಿ ಎಷ್ಟೋ ವರ್ಷಗಳಾಗಿದ್ದವು.

"ನಿನಗೊಬ್ಬನಿಗೇ ನಾಯನನಾ? ಅವತ್ತು ನನ್ನನ್ನೂ ಕರಕೊಂಡು ಹೋಗಿದ್ದರೆ ಮುಖವಾದರೂ ನೋಡಿಕೊಳ್ಳುತ್ತಿದ್ದೆ" ಎಂದು ತಮ್ಮನು ಊಟದ ಎಲೆಯಿಂದೆದ್ದು ಹೋದನಂತೆ. ಎರಡು ವರ್ಷ ಮಾತಿಲ್ಲ.

ತಮ್ಮನ ಕೋಪವನ್ನು ನಾವು ತಪ್ಪೆನ್ನಲಾರೆವು. ಹಿರಿಯರಾದವರು ಮನೆಯ ದುಃಖವನ್ನು ತಮ್ಮೊಬ್ಬರದೇ ಆಸ್ತಿಯೆಂದು ಬಚ್ಚಿಡುವುದುಂಟು. ಕಿರಿಯರಿಗೆ ಅದರಲ್ಲಿ ಪಾಲಿದೆಯೆಂಬುದು ಅವರಿಗೆ ತೋಚುವುದಿಲ್ಲ. ಹಾಗೆಂದು ಹದಿನಾಲ್ಕು ವರ್ಷದ ಹುಡುಗನನ್ನು ಯಾವ ಬಾಯಿಂದ ದೂರುವುದು? ನಾವು ಅನುಮಾನಿಸುತ್ತ, "ತಾಯಿಯವರಿಗೆ ತಿಳಿದಿರಲಿಲ್ಲವೇ?" ಎಂದು ಕೇಳಿದೆವು. "ಆ ರಾತ್ರಿ ನನ್ನ ಕಾಲಿಗೆ ಎಣ್ಣೆ ತಿಕ್ಕಿದಳು. ಎಲ್ಲಿಗೆ ಹೋಗಿದ್ದೆ ಅಂತ ಕೇಳಲಿಲ್ಲ" ಎಂದು ಹೇಳಿ ವೃದ್ಧರು ಎಲೆಯಡಿಕೆಯ ತಟ್ಟೆಯನ್ನು ನಮ್ಮ ಕಡೆಗೆ ತಳ್ಳಿದರು.

ಮಧ್ಯಾಹ್ನದ ಮೇಲೆ ನಾವು ಆವನಿಯ ಬೆಟ್ಟವನ್ನು ಹತ್ತಿದೆವು. ಬಂಡೆಗಳು ಕಾದಿದ್ದವು, ಹತ್ತುವವರು ಬೆಳಿಗ್ಗೆಯೇ ಹೊರಡುವುದು ಲೇಸು, ಕುಡಿಯುವ ನೀರನ್ನೂ ಒಯ್ಯಬೇಕು. ಮೇಲಿನಿಂದ ನೋಡಿದರೆ ಹೊಲಗಳ ನಡುವೆ ಅಲ್ಲಲ್ಲಿ ಕೆರೆಗಳು, ಒರಟು ಕಲ್ಲುಗುಡ್ಡಗಳು. ಶಿವರಾತ್ರಿಯ ಕಾಲದಲ್ಲಿ ಕೆಳಗೆ ರಥೋತ್ಸವವೂ ದನಗಳ ಜಾತ್ರೆಯೂ ನಡೆಯುವುವು. ಅಣ್ಣತಮ್ಮಂದಿರು ಮತ್ತೆ ಮಾತಾಡಿದುದು ಅಂಥದೊಂದು ಜಾತ್ರೆಯಲ್ಲಿ, ಒಂದು ಜೊತೆ ಹೋರಿಗಳ ಬೆಲೆಯ ವಿಷಯವಾಗಿ ಎಂದು ವೃದ್ಧರು ಹೇಳಿದ್ದರು. ಹೋರಿಗಳನ್ನು ಕೊಳ್ಳಲಿಲ್ಲವಂತೆ. ಈಗಲೂ ಪ್ರತಿ ವರ್ಷ ಇಬ್ಬರೂ ಅಲ್ಲಿ ಸೇರುವರು. ಬೆಟ್ಟ ಹತ್ತಲು ಅಣ್ಣನಿಗೆ ಮೊಣಕಾಲು ಬಾರದು, ಆದುದರಿಂದ ಸೀತಮ್ಮನಿಗೆ ತೆಂಗಿನಕಾಯಿಯನ್ನು ತಮ್ಮನೇ ಒಯ್ಯುವನು.