ಯಾರದೋ ಹೆಸರಿನ ಟಿಕೆಟ್

ಜರ್ಮನಿಯ ಬವೇರಿಯಾ ರಾಜ್ಯದಲ್ಲಿ ಬಾಯರ್ನ್ ಟಿಕೆಟ್ ಎಂಬುದೊಂದಿದೆ. ಅದೊಂದು ಕೈಯಲ್ಲಿದ್ದರೆ ಒಂದು ದಿನದ ಮಟ್ಟಿಗೆ ರಾಜ್ಯದ ಪ್ಯಾಸೆಂಜರ್ ರೈಲುಗಳಲ್ಲಿ ಎಲ್ಲಿಂದ ಎಲ್ಲಿಗೆ ಬೇಕಾದರೂ ಓಡಾಡಬಹುದು. ವಾರದ ದಿನಗಳಲ್ಲಾದರೆ ಬೆಳಿಗ್ಗೆ 9ರಿಂದ ಮರುದಿನ ನಸುಕಿನ 3ರವರೆಗೆ. ಐದು ಜನರವರೆಗೆ ಒಂದೇ ಟಿಕೆಟ್ ಸಾಕು. ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲಿಗೆ ಬೀಳುವ ಹಣ ಕಡಿಮೆ. ಗಡಿಯಾಚೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಿಲ್ದಾಣದವರೆಗೂ ಅದು ನಡೆಯುತ್ತದೆ. ಓದಲು ಹೋದ ನಮ್ಮಂಥವರಿಗೆ ದೊಡ್ಡ ಆಸರೆ ಅದು. ಕಾಗದದ ಟಿಕೆಟ್‌ನ ಮೇಲೆ ಹೆಸರಿಗೆಂದು ಗೆರೆಗಳಿರುತ್ತವೆ. ರೈಲು ಹತ್ತುವ ಮುಂಚೆ ಹೋಗುವವರೆಲ್ಲರ ಹೆಸರನ್ನು ಅಲ್ಲಿ ಬರೆಯಬೇಕು. ಬರೆದ ಮೇಲೆ ಅದು ಅವರಿಗಷ್ಟೇ ಸಲ್ಲುತ್ತದೆ, ಇನ್ನೊಬ್ಬರಿಗೆ ಕೊಡುವಂತಿಲ್ಲ.

ಇಷ್ಟೂ ಗೊತ್ತಿದ್ದ ನಾನು, ಅರಸೀಕೆರೆಯಿಂದ ಬಂದಿದ್ದ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೇರೆ ಇಬ್ಬರ ಹೆಸರಿದ್ದ ಟಿಕೆಟ್‌ನಲ್ಲಿ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಬಂದೆ.

ವಿಯೆನ್ನಾ ನೋಡಿಕೊಂಡು ಸಾಲ್ಜ್‌ಬರ್ಗ್‌ನಲ್ಲಿ ಇಳಿದಿದ್ದೆವು. ಅಲ್ಲಿಂದ ಮ್ಯೂನಿಕ್‌ಗೆ ಸಂಜೆಯ ರೈಲು ಹಿಡಿಯಬೇಕಿತ್ತು. ಟಿಕೆಟ್ ಯಂತ್ರದ ಮುಂದೆ ನಿಂತಿದ್ದಾಗ ಹುಡುಗ ಹುಡುಗಿ ಇಬ್ಬರು ಬಂದು, ಬೆಳಿಗ್ಗೆ ಮ್ಯೂನಿಕ್‌ನಿಂದ ಬಂದೆವು, ಇವತ್ತು ಇಲ್ಲೇ ಉಳಿಯುತ್ತೇವೆ, ನಮ್ಮ ಟಿಕೆಟ್ ರಾತ್ರಿಯವರೆಗೂ ನಡೆಯುತ್ತದೆ, ಅರ್ಧ ದುಡ್ಡು ಕೊಟ್ಟು ಇಟ್ಟುಕೊಳ್ಳಿ ಎಂದರು. ಅವರ ಹೆಸರು ನೀಲಿ ಶಾಯಿಯಲ್ಲಿ ಎದ್ದು ಕಾಣುತ್ತಿತ್ತು. ಅದನ್ನು ಓದಿದ ಮೇಲೆಯೇ ನಾನು ದುಡ್ಡು ಕೊಟ್ಟದ್ದು. ಅವರು ಪೂರ್ತಿ ಹಣ ಕಟ್ಟಿದ್ದಾರೆ, ರೈಲು ಹೇಗಿದ್ದರೂ ಓಡುತ್ತದೆ, ಅವರು ಕೂರಬೇಕಿದ್ದ ಜಾಗದಲ್ಲಿ ನಾವು ಕೂರುತ್ತೇವೆ, ಇದರಲ್ಲಿ ಯಾರ ಗಂಟು ಹೋಗುತ್ತದೆ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ. ಅಮ್ಮನಿಗೆ ಏನೂ ಹೇಳಲಿಲ್ಲ. ಹೇಳದೆ ಇದ್ದೆನೆಂದರೆ, ಅದು ಸರಿಯಲ್ಲವೆಂದು ಒಳಗೊಳಗೆ ತಿಳಿದೇ ಇತ್ತು.

ಆ ಸಲೀಸು ನನಗೆ ಊರಿನಿಂದಲೇ ಬಂದಿತ್ತು. ಚಿಕ್ಕಪ್ಪನ ಮಗಳಿಗೆ ಹೊರಡಲಾಗದಿದ್ದಾಗ ಅವಳ ಟಿಕೆಟ್‌ನಲ್ಲಿ ನಾನು ಹೋದದ್ದುಂಟು. ಮೀಸಲು ಬೋಗಿಗಳಲ್ಲೆಲ್ಲ ಗುರುತಿನ ಚೀಟಿ ಕಡ್ಡಾಯವಾದದ್ದು 2012ರಲ್ಲಿ; ಅದಕ್ಕೂ ಮುಂಚೆ ಟಿಟಿಇ ಕೇಳಿದ ಹೆಸರಿಗೆ ಹೂಂಗುಟ್ಟಿದರೆ ಸಾಕಾಗುತ್ತಿತ್ತು. ಹಾಗೆಂದು ನಮ್ಮ ಕಾನೂನು ಸಡಿಲವೇನಲ್ಲ. 1989ರ ರೈಲ್ವೆ ಕಾಯ್ದೆಯಲ್ಲಿ ಒಬ್ಬರ ಹೆಸರಿನ ಟಿಕೆಟ್ ಇನ್ನೊಬ್ಬರಿಗೆ ಮಾರುವುದಕ್ಕೆ ಮೂರು ತಿಂಗಳವರೆಗೆ ಸೆರೆಯಿದೆ, ಕೊಂಡವರಿಗೂ ಶಿಕ್ಷೆಯಿದೆ. ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಗಂಡ, ಹೆಂಡತಿ, ಮಕ್ಕಳ ನಡುವೆ ಮಾತ್ರ, ರೈಲು ಹೊರಡುವ 24 ಗಂಟೆ ಮುಂಚೆ ರಿಸರ್ವೇಶನ್ ಕೌಂಟರಿನಲ್ಲಿ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬಹುದು. ಚಿಕ್ಕಪ್ಪನ ಮಗಳು ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಆಗ ಸಿಕ್ಕಿಬೀಳಲಿಲ್ಲ, ಅಷ್ಟೆ.

ಸಾಲ್ಜ್‌ಬರ್ಗ್ ಬಿಟ್ಟು ಜಾಲಾಖ್ ಹೊಳೆ ದಾಟಿದರೆ ಜರ್ಮನಿ. ಮೊದಲ ನಿಲ್ದಾಣ ಫ್ರೈಲಾಸಿಂಗ್. ಷೆಂಗೆನ್ ದೇಶಗಳ ನಡುವೆ ಗಡಿ ತಪಾಸಣೆ ಇಲ್ಲವೆಂಬುದು ಹೆಸರಿಗೆ ನಿಜ. ಆದರೆ 2015ರ ಸೆಪ್ಟೆಂಬರಿನಲ್ಲಿ ಜರ್ಮನಿ ಈ ಗಡಿಯಲ್ಲಿ ಮತ್ತೆ ತಪಾಸಣೆ ಶುರುಮಾಡಿತು. ಪೊಲೀಸರು ಬೋಗಿಗೆ ಬಂದು ಪಾಸ್‌ಪೋರ್ಟ್ ಕೇಳಿದರು. ಅಮ್ಮ ತನ್ನದನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. ವೀಸಾ ನೋಡಿ ವಾಪಸ್ ಕೊಟ್ಟು ಮುಂದೆ ಹೋದರು. ಅವರು ಟಿಕೆಟ್ ಕೇಳಲಿಲ್ಲ. ಆದರೆ ನನ್ನ ಕೈ ಅಷ್ಟರಲ್ಲೇ ತಣ್ಣಗಾಗಿತ್ತು.

ಟ್ರೌನ್‌ಸ್ಟೈನ್ ದಾಟಿದ ಮೇಲೆ ಟಿಕೆಟ್ ನೋಡುವ ಹೆಂಗಸು ಬಂದರು. ಎರಡು ಹೆಸರನ್ನೂ ಓದಿ ನಮ್ಮ ಮುಖ ನೋಡಿದರು. ಗುರುತಿನ ಚೀಟಿ ತೋರಿಸಿ ಎಂದರು. ಅಮ್ಮನಿಗೆ ಜರ್ಮನ್ ತಿಳಿಯದು. ಮತ್ತೆ ಪಾಸ್‌ಪೋರ್ಟ್ ಕೇಳುತ್ತಿದ್ದಾರೆಂದುಕೊಂಡು ಫೋಟೊ ಇದ್ದ ಪುಟವನ್ನೇ ತೆರೆದು, ನಗುತ್ತಾ ಅವರ ಕೈಗಿಟ್ಟಳು. ಆ ನಗು ನನಗೆ ನೋಡಲಾಗಲಿಲ್ಲ. ಟಿಕೆಟ್ ನಮ್ಮದಲ್ಲ, ನಾನು ಕೊಂಡದ್ದು, ಇವರಿಗೆ ಗೊತ್ತಿಲ್ಲ ಎಂದು ಹೇಳಿದೆ. ಆಕೆ ಜೋರು ಮಾಡಲಿಲ್ಲ. ಟಿಕೆಟ್ ತೆಗೆದುಕೊಂಡು, ತಲಾ 60 ಯೂರೋದ ಎರಡು ಚೀಟಿ ಬರೆದರು. ಒಂದರ ಮೇಲೆ ನನ್ನ ಹೆಸರು, ಇನ್ನೊಂದರ ಮೇಲೆ ಅಮ್ಮನದು.

“ನನ್ನ ಹೆಸರು ಯಾಕೆ ಬರ್ಕೊಂಡ್ರು?” ಎಂದು ಅಮ್ಮ ಕೇಳಿದಳು. ಯಂತ್ರದ ತಪ್ಪು ಎನ್ನಲು ಬಾಯಿ ತೆರೆದಿದ್ದೆ. ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ನನ್ನತ್ರ ದುಡ್ಡಿತ್ತಲ್ಲೇ” ಎಂದವಳು ರೋಸೆನ್‌ಹೈಮ್ ಬರುವವರೆಗೂ ಮಾತಾಡಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಮರೆತರೂ ಕರೆದು ಟಿಕೆಟ್ ಕೇಳಿ ಪಡೆಯುವವಳು ಅವಳು. ಅಂಥವಳ ಹೆಸರು ಪರದೇಶದಲ್ಲಿ ಟಿಕೆಟ್ ಇಲ್ಲದವರ ಕಡತ ಸೇರಿತು. ಜರ್ಮನ್ ದಂಡಸಂಹಿತೆಯ 265ಎ ಕಲಮಿನಲ್ಲಿ ದುಡ್ಡು ಕೊಡದೆ ಪ್ರಯಾಣಿಸುವುದಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ದಂಡ ಎಂದಿದೆ. ಅಮ್ಮನ ಮುಂದಿನ ವೀಸಾಕ್ಕೆ ಇದು ಅಡ್ಡ ಬಂದರೆ ಎಂಬ ಹೆದರಿಕೆ ನನ್ನನ್ನು ಬಹಳ ಕಾಲ ಬಿಡಲಿಲ್ಲ. ಟಿಕೆಟ್ ಮಾರಿದವರಿಗೆ ಇದ್ಯಾವುದೂ ತಟ್ಟುವುದಿಲ್ಲ. ಕೈ ಬದಲಾಗುವ ಆ ಒಂದು ಗಳಿಗೆಯಲ್ಲಿ ಅಪಾಯವೆಲ್ಲ ಕೊಂಡವರ ತಲೆಗೆ ಬರುತ್ತದೆ, ಜೊತೆಗೆ ಅವರನ್ನು ನಂಬಿ ಬಂದವರ ತಲೆಗೂ.

ಯಾರ ಗಂಟೂ ಹೋಗುವುದಿಲ್ಲ ಎಂಬ ನನ್ನ ಲೆಕ್ಕವೂ ತಪ್ಪಾಗಿತ್ತು. 1995ರಲ್ಲಿ ಜರ್ಮನಿಯಲ್ಲಿ ವಾರಾಂತ್ಯದ ಟಿಕೆಟ್ ಒಂದು ಬಂತು. 15 ಮಾರ್ಕ್ ಕೊಟ್ಟರೆ ಐದು ಜನ ಶನಿವಾರ, ಭಾನುವಾರ ಎರಡೂ ದಿನ ದೇಶವೆಲ್ಲ ಸುತ್ತಬಹುದಿತ್ತು. ಅದು ನಿಲ್ದಾಣಗಳಲ್ಲಿ ಕೈಯಿಂದ ಕೈಗೆ ಮಾರಾಟವಾಗತೊಡಗಿತು. ಬೆಲೆ ಬೇಗನೆ ಏರಿತು, ಕೊನೆಗೆ 2019ರಲ್ಲಿ ಆ ಟಿಕೆಟ್ಟೇ ನಿಂತಿತು. ದಿನವಿಡೀ ಓಡಾಡುವ ಹಕ್ಕನ್ನು ಕೊಂಡವರಲ್ಲಿ ಹೆಚ್ಚಿನವರು ಅದನ್ನು ಪೂರ್ತಿ ಬಳಸುವುದಿಲ್ಲ. ಆ ಭರವಸೆಯ ಮೇಲೆಯೇ ಇಷ್ಟು ಅಗ್ಗಕ್ಕೆ ಕೊಡಲು ಆಗುವುದು. ಮಿಕ್ಕ ಅರ್ಧ ದಿನವನ್ನು ಎಲ್ಲರೂ ಮಾರಿಕೊಂಡರೆ ನಾಳೆಯ ಟಿಕೆಟ್ ದುಬಾರಿಯಾಗುತ್ತದೆ, ಅದರ ಭಾರ ನಮ್ಮಂಥ ವಿದ್ಯಾರ್ಥಿಗಳ ಮೇಲೆಯೇ ಬೀಳುತ್ತದೆ. ನಿಜವಾಗಿ ಮರೆತು ಬಂದವರ ಮೇಲೆ ಇದೇ ನಿಯಮಕ್ಕೆ ಕನಿಕರವಿದೆ. ತನ್ನದೇ ಹೆಸರಿನ ಪಾಸನ್ನು ಮನೆಯಲ್ಲಿ ಬಿಟ್ಟು ಬಂದವರು ವಾರದೊಳಗೆ ಅದನ್ನು ತೋರಿಸಿದರೆ 60ರ ಬದಲು 7 ಯೂರೋ ಕಟ್ಟಿದರಾಯಿತು. ಬೇರೆಯವರ ಹೆಸರಿನಲ್ಲಿ ಕೂತವರಿಗೆ ಆ ದಾರಿ ಇಲ್ಲ.

ಎರಡೂ ಚೀಟಿಯ ಹಣವನ್ನು ಮರುದಿನವೇ ಕಟ್ಟಿದೆ. ತಪ್ಪು ನನ್ನದು, ತಾಯಿಗೆ ವಿಷಯ ತಿಳಿದಿರಲಿಲ್ಲ ಎಂದು ಪತ್ರವನ್ನೂ ಬರೆದೆ.

ಅಲ್ಲಿನ ಕನ್ನಡದ ಹುಡುಗರಲ್ಲಿ ಮಿಕ್ಕ ಟಿಕೆಟ್ ಕೊಡುವ, ಕೇಳುವ ಮಾತು ಆಗಾಗ ಬರುತ್ತದೆ. ಹೊಸದಾಗಿ ಬಂದ ಒಬ್ಬ, ಅಪ್ಪ ಅಮ್ಮನನ್ನು ಸಾಲ್ಜ್‌ಬರ್ಗ್‌ಗೆ ಕರೆದೊಯ್ಯಬೇಕು, ಯಾರಾದರೂ ವಾಪಸಿನ ಟಿಕೆಟ್ ಕೊಡುತ್ತೀರಾ ಎಂದು ಕೇಳಿದ್ದ. ನಾನೇ ಫೋನ್ ಮಾಡಿದೆ. ಬೆಳಿಗ್ಗೆಯೇ ನಿನ್ನದೇ ಟಿಕೆಟ್ ತಗೋ, ಮೂವರ ಹೆಸರೂ ಬರಿ. ಖರ್ಚು ಇನ್ನೂ ಇಳಿಯಬೇಕೆಂದರೆ ಹೊರಡುವ ಮುಂಚೆ ಇನ್ನಿಬ್ಬರನ್ನು ಸೇರಿಸಿಕೋ, ಅವರ ಹೆಸರೂ ಬರಿ. ಗುರುತಿಲ್ಲದವರಾದರೂ ಜೊತೆಗೇ ಹೋಗಿ ಜೊತೆಗೇ ಬಂದರೆ ತಪ್ಪಿಲ್ಲ. ಶನಿವಾರವಾದರೆ 9 ಗಂಟೆಗೆ ಕಾಯಬೇಕಿಲ್ಲ. ಅಮ್ಮನ ಪಾಸ್‌ಪೋರ್ಟ್ ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲಿರಲಿ ಎಂದೆ. ಅಕ್ಕಾ, ಅಷ್ಟು ಕಟ್ಟುನಿಟ್ಟಾ ಎಂದ. ನಮ್ಮಮ್ಮನ ಹೆಸರು ಬರೆದುಕೊಂಡದ್ದನ್ನು ಅವನಿಗೆ ಹೇಳಿದೆ. ಆ ಶನಿವಾರ ಅವರು ತಮ್ಮ ಹೆಸರಿನ ಟಿಕೆಟ್‌ನಲ್ಲೇ ಹೋಗಿಬಂದರು.